ತೊಂಬತ್ತೊಂದನೇ ದಿನ

ಒಂದು ಪ್ರಶ್ನೆ ಕೇಳ್ತೀನಿ. ನಾಲ್ಕು ವರ್ಷ ಒಂದೇ ಒಂದು ಕ್ಲೇಮ್ ಮಾಡದೆ ಕಾರು ಓಡಿಸಿದ ಮನುಷ್ಯ, ಆಫೀಸಿನವರು ಕಳಿಸಿದರು ಅಂತ ಆನ್‌ಸೈಟ್‌ಗೆ ಹೋಗಿ ಬಂದರೆ, ಅಷ್ಟರೊಳಗೆ ಕೆಟ್ಟ ಡ್ರೈವರ್ ಆಗಿಬಿಟ್ಟಿರ್ತಾನಾ? ನಮ್ಮ ದೇಶದ ಇನ್ಶೂರೆನ್ಸ್ ಲೆಕ್ಕದಲ್ಲಿ ಆಗಿರ್ತಾನೆ. ಪಾಲಿಸಿ ಮುಗಿದ ಮೇಲೆ ತೊಂಬತ್ತು ದಿನದವರೆಗೆ ಅವನು ಒಳ್ಳೆಯವನು. ತೊಂಬತ್ತೊಂದನೇ ದಿನ ಬೆಳಗ್ಗೆ ಎದ್ದರೆ, ಅವನೂ ನಿನ್ನೆ ತಾನೇ ಲೈಸೆನ್ಸ್ ತಗೊಂಡ ಹುಡುಗನೂ ಒಂದೇ.

ನಾನು ಆ ಮನುಷ್ಯ.

ನೋ ಕ್ಲೇಮ್ ಬೋನಸ್ ಅಂದರೆ ಏನು ಅಂತ ಕಾರಿರೋ ಎಲ್ಲರಿಗೂ ಅರ್ಧಂಬರ್ಧ ಗೊತ್ತಿರುತ್ತೆ. ಪೂರ್ತಿ ಹೇಳಿಬಿಡ್ತೀನಿ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ 20% ರಿಯಾಯಿತಿ. ಆಮೇಲೆ ವರ್ಷ ವರ್ಷ 25, 35, 45, ಐದು ವರ್ಷ ಆದರೆ 50%. ಅಲ್ಲಿಗೆ ನಿಲ್ಲುತ್ತೆ. ಇದು ಸಿಗೋದು ಓನ್ ಡ್ಯಾಮೇಜ್ ಕಂತಿನ ಮೇಲೆ ಮಾತ್ರ. ಕಾನೂನು ಕಡ್ಡಾಯ ಮಾಡಿರೋ ಥರ್ಡ್ ಪಾರ್ಟಿ ಕಂತಿಗೆ ಇದು ತಾಕೋದಿಲ್ಲ. ಓನ್ ಡ್ಯಾಮೇಜ್ ಕಂತು 12,000 ರೂಪಾಯಿ ಇದ್ದರೆ, 45% ಇರೋನು 6,600 ಕಟ್ಟುತ್ತಾನೆ. ಕಳಕೊಂಡೋನು ಪೂರ್ತಿ ಹನ್ನೆರಡು ಸಾವಿರ ಕಟ್ಟುತ್ತಾನೆ, ಮತ್ತೆ ಸೊನ್ನೆಯಿಂದ ಮೆಟ್ಟಿಲು ಹತ್ತುತ್ತಾನೆ.

'ಬೋನಸ್' ಅನ್ನೋ ಹೆಸರೇ ಮೋಸ ಅನ್ನಿಸುತ್ತೆ ನನಗೆ. ಬೋನಸ್ ಅಂದರೆ ಧಣಿ ಖುಷಿಯಾಗಿ ಕೊಡೋದು. ಇದು ಹಾಗಲ್ಲ. ಮೂರನೇ ವರ್ಷ ಬಿಟಿಎಂ ಲೇಔಟ್‌ನಲ್ಲಿ ಆಟೋ ಒಂದು ನನ್ನ ಹಿಂದಿನ ಬಂಪರ್ ಕಿತ್ತು ಹಾಕಿತು. ಗ್ಯಾರೇಜಿನವನು ಕೇಳಿದ ಮೊದಲ ಮಾತು, "ಕ್ಲೇಮ್ ಮಾಡ್ತೀರಾ, ಕೈಯಿಂದ ಕೊಡ್ತೀರಾ?" ಎನ್‌ಸಿಬಿ ಹೋಗುತ್ತಲ್ಲ ಅಂತ 9,000 ರೂಪಾಯಿ ಕೈಯಿಂದ ಕೊಟ್ಟೆ. ಅಂದರೆ ಕಂತೂ ಕಟ್ಟಿದೆ, ರಿಪೇರಿಯನ್ನೂ ನಾನೇ ಮಾಡಿಸಿದೆ. ಆ 45% ನನಗೆ ಯಾರೂ ದಾನ ಕೊಟ್ಟಿದ್ದಲ್ಲ. ನಾನು ದುಡ್ಡು ಕೊಟ್ಟು ಕೊಂಡಿದ್ದು.

ಆಮೇಲೆ ಇಂಗ್ಲೆಂಡಿಗೆ ಹೋಗೋ ಅವಕಾಶ ಬಂತು. ಮೊದಲು ಒಂದು ವರ್ಷ ಅಂದರು, ಕೊನೆಗೆ ಮೂರೂವರೆ ವರ್ಷ ಆಯ್ತು. ಕಾರನ್ನ ತಿಪಟೂರು ಪಕ್ಕದ ನಮ್ಮೂರಿಗೆ ತಗೊಂಡು ಹೋಗಿ, ಕೊಬ್ಬರಿ ಅಟ್ಟದ ಕೆಳಗೆ ನಿಲ್ಲಿಸಿ, ಮೇಲೆ ಟಾರ್ಪಾಲು ಹೊದಿಸಿ ಹೊರಟೆ. ಏಜೆಂಟ್‌ಗೆ ಫೋನ್ ಮಾಡಿ ಏನು ಮಾಡಲಿ ಅಂತ ಕೇಳಿದ್ದೆ. "ಓಡಿಸದೇ ಇರೋ ಗಾಡಿಗೆ ಯಾಕೆ ಸಾರ್ ದುಡ್ಡು ದಂಡ? ಬಂದ ಮೇಲೆ ಮಾಡಿಸೋಣ ಬಿಡಿ" ಅಂದ. ನನಗೂ ಅದೇ ಬೇಕಾಗಿತ್ತು, ಒಪ್ಪಿಕೊಂಡೆ. ಏಳು ತಿಂಗಳಿಗೆ ಪಾಲಿಸಿ ಮುಗೀತು. ನೆನಪಿಸೋ ಮೆಸೇಜುಗಳೆಲ್ಲ, ರೀಚಾರ್ಜ್ ಇಲ್ಲದೆ ಸತ್ತುಹೋಗಿದ್ದ ನನ್ನ ಹಳೇ ನಂಬರಿಗೆ ಬಂದು ಬಿದ್ದಿದ್ದವು.

ಹಳ್ಳಿಯಲ್ಲಿ ಕಾರು ನಿಂತಿರುತ್ತೆ ಅಂತ ನಂಬೋನು ಹಳ್ಳಿಯಲ್ಲಿ ಬೆಳೆದೋನೇ ಅಲ್ಲ. ಒಂದು ರಾತ್ರಿ ಪಕ್ಕದ ಮನೆ ಅಜ್ಜಿಗೆ ಉಸಿರು ಕಟ್ಟಿತು. ಆಂಬುಲೆನ್ಸ್ ಬರೋದು ತಡ ಆಗುತ್ತೆ ಅಂತ ಚಿಕ್ಕಪ್ಪನ ಮಗ ಟಾರ್ಪಾಲು ಕಿತ್ತೆಸೆದು, ಅಜ್ಜಿಯನ್ನ ಕೂರಿಸಿಕೊಂಡು ಪೇಟೆ ಆಸ್ಪತ್ರೆಗೆ ಓಡಿದ. ಅಜ್ಜಿ ಉಳಿದರು. ಬೆಳಗಿನ ಜಾವ ವಾಪಸ್ ಬರುವಾಗ, ಡೈರಿಗೆ ಹಾಲು ಹಾಕೋಕೆ ಮೊಪೆಡ್‌ನಲ್ಲಿ ಬರ್ತಿದ್ದ ಒಬ್ಬರಿಗೆ ಕಾರು ತಾಗಿತು. ಹಾಲೆಲ್ಲ ರಸ್ತೆ ಪಾಲು, ಅವರ ಕಾಲು ಮುರೀತು. ನಮ್ಮಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಇನ್ಶೂರೆನ್ಸ್ ಐತೇನಪ್ಪ?"

ಇರಲಿಲ್ಲ. ಊರಿನ ಹಿರಿಯರು ಕೂತು ರಾಜಿ ಮಾಡಿದರು. ಆಪರೇಷನ್ನಿಗೂ, ಅವರು ಕೆಲಸ ಬಿಟ್ಟು ಮಲಗಿದ ತಿಂಗಳುಗಳಿಗೂ ಸೇರಿಸಿ 85,000 ರೂಪಾಯಿ ಕಳಿಸಿದೆ. ಅವರು ಈಗ ಸ್ವಲ್ಪ ಕುಂಟುತ್ತಾ ನಡೀತಾರೆ. ಊರಿಗೆ ಹೋದಾಗೆಲ್ಲ ಸಿಗ್ತಾರೆ, "ಯಾವಾಗ ಬಂದ್ರಿ ಬುದ್ದಿ?" ಅಂತ ನಗ್ತಾ ಕೇಳ್ತಾರೆ. ಅವರು ನ್ಯಾಯಮಂಡಳಿಗೆ ಹೋಗಿದ್ದರೆ ಪರಿಹಾರ ಪೂರ್ತಿ ನಾನೇ ಕಟ್ಟಬೇಕಿತ್ತು, ಅದು ನ್ಯಾಯವೂ ಆಗಿರ್ತಿತ್ತು.

ಈ ತಪ್ಪನ್ನ ನಾನು ಯಾರ ತಲೆಗೂ ಕಟ್ಟೋದಿಲ್ಲ. 1500 ಸಿಸಿ ಒಳಗಿನ ನನ್ನಂಥ ಕಾರಿಗೆ 2022ರ ಜೂನ್‌ನಲ್ಲಿ ಸರ್ಕಾರ ನಿಗದಿ ಮಾಡಿದ ಥರ್ಡ್ ಪಾರ್ಟಿ ಕಂತು ವರ್ಷಕ್ಕೆ 3,416 ರೂಪಾಯಿ. ಲಂಡನ್ನಿನಲ್ಲಿ ಇಬ್ಬರು ಒಂದು ಸಂಜೆ ಊಟಕ್ಕೆ ಹೋದರೆ ಆಗೋ ಖರ್ಚು. ಅಷ್ಟನ್ನ ಉಳಿಸೋಕೆ ಹೋಗಿ ಒಬ್ಬ ಹಾಲಿನವರ ಕಾಲಿನ ಜೊತೆ ಜೂಜಾಡಿದೋನು ನಾನು. ವೀಸಾ ಅರ್ಜಿಯ ನಲವತ್ತು ಪುಟ ಒಂದಕ್ಷರ ಬಿಡದೆ ಓದಿದ್ದೆ, ಪಾಲಿಸಿಯ ಎರಡು ಪುಟ ಓದಿರಲಿಲ್ಲ.

ಆದರೆ ಎನ್‌ಸಿಬಿ ವಿಷಯ ಬೇರೆ. ಅಲ್ಲಿ ಜಗಳ ಆಡೋಕೆ ನನಗೆ ಹಕ್ಕಿದೆ.

ಇಂಗ್ಲೆಂಡಿನಲ್ಲಿ ಹಳೇ ಕಾರೊಂದು ತಗೊಂಡಾಗ ಇನ್ಶೂರೆನ್ಸ್‌ನವರು ಕೇಳಿದರು, ನೋ ಕ್ಲೇಮ್ಸ್ ಎಷ್ಟು ವರ್ಷ? ನಾಲ್ಕು ಅಂದೆ. ಎಲ್ಲಿಯದು? ಇಂಡಿಯಾದ್ದು ಅಂದೆ. ಹಾಗಾದರೆ ಸೊನ್ನೆ ಅಂದರು. ಸರಿ, ಅವರ ಊರು, ಅವರ ಲೆಕ್ಕ. ಮೂರು ವರ್ಷ ಅಲ್ಲಿ ಒಂದೂ ಕ್ಲೇಮ್ ಇಲ್ಲದೆ ಓಡಿಸಿದೆ, ಹೊರಡೋವಾಗ ಕಂಪನಿ ಕೇಳಿದ ತಕ್ಷಣ ಈಮೇಲ್‌ನಲ್ಲಿ ಪತ್ರ ಕಳಿಸಿತು: ಇವರು ಮೂರು ವರ್ಷ ಕ್ಲೇಮ್ ಮಾಡಿಲ್ಲ. ಅಲ್ಲಿ ಇನ್ನೂ ಒಂದು ಅನುಕೂಲ ಇದೆ. ಕಾರು ರಸ್ತೆಗೆ ಇಳಿಸೋದಿಲ್ಲ ಅಂತ ಸರ್ಕಾರಕ್ಕೆ ತಿಳಿಸಿ ಮನೆ ಒಳಗೆ ನಿಲ್ಲಿಸಿಬಿಟ್ಟರೆ ಇನ್ಶೂರೆನ್ಸ್ ಕಟ್ಟೋ ಹಂಗಿಲ್ಲ.

ಬೆಂಗಳೂರಿಗೆ ಬಂದು ಹೊಸ ಕಾರು ತಗೊಂಡೆ. ಆ ಪತ್ರ ತೋರಿಸಿದರೆ ಕೌಂಟರಿನ ಹುಡುಗ ನಕ್ಕ. "ಫಾರಿನ್ನಿಂದೆಲ್ಲ ಇಲ್ಲಿ ನಡೆಯಲ್ಲ ಸಾರ್." ಅವನ ಮ್ಯಾನೇಜರ್ರೂ ಅದನ್ನೇ ಹೇಳಿದರು, ನಗದೆ.

ಮನೆಗೆ ಬಂದು ಸಿಟ್ಟಿನಲ್ಲಿ ಓದೋಕೆ ಕೂತೆ. ಕೋಡ್ ಯಾಕೆ ಓಡ್ತಿಲ್ಲ ಅಂತ ಲಾಗ್ ಓದ್ತೀವಲ್ಲ, ಹಾಗೆ. 2002ರ ಇಂಡಿಯಾ ಮೋಟಾರ್ ಟ್ಯಾರಿಫ್ ಅಂತ ಒಂದು ನಿಯಮಾವಳಿ ಇದೆ. ಓನ್ ಡ್ಯಾಮೇಜ್ ದರಗಳ ಮೇಲಿನ ನಿಯಂತ್ರಣವನ್ನ 2007ರಲ್ಲಿ ತೆಗೆದರೂ, ಎನ್‌ಸಿಬಿ ನಿಯಮಗಳು ಅದರಿಂದಲೇ ಬಂದಿರೋದು. ಅದರ 27ನೇ ನಿಯಮ ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡ ಮನಸ್ಸಿಂದು. ಎನ್‌ಸಿಬಿ ಕಾರಿಂದಲ್ಲ, ಪಾಲಿಸಿ ಮಾಡಿಸಿದ ಮನುಷ್ಯನದು. ಕಾರು ಮಾರಿದರೆ ಅದು ಕೊಂಡವರಿಗೆ ಹೋಗೋದಿಲ್ಲ, ನಿಮ್ಮ ಹತ್ತಿರವೇ ಉಳಿಯುತ್ತೆ. ಮಾರಿ ಬೇರೆ ಕಾರು ತಗೊಳ್ಳದಿದ್ದರೆ, ಅಥವಾ ಕಾರನ್ನ ಓಡಿಸದೆ ನಿಲ್ಲಿಸಿದ್ದರೆ, ಹಳೇ ಪಾಲಿಸಿ ಮುಗಿದ ಮೂರು ವರ್ಷದೊಳಗೆ ಹೊಸ ಪಾಲಿಸಿ ಮಾಡಿಸಿದಾಗ ಅದನ್ನ ಕೊಡಬಹುದು. ಹೊರದೇಶದಲ್ಲಿ ಗಳಿಸಿದ್ದಕ್ಕೆ ಸಾಕ್ಷಿ ತಂದರೂ ಅಷ್ಟೇ, ಅಲ್ಲಿನ ಪಾಲಿಸಿ ಮುಗಿದ ಮೂರು ವರ್ಷದೊಳಗೆ ಇಲ್ಲಿ ಮಾಡಿಸಿದರೆ ಕೊಡಬಹುದು.

ಅಂದರೆ ನನ್ನಂಥವರನ್ನ ಇಪ್ಪತ್ತು ವರ್ಷದ ಹಿಂದೆಯೇ ಯಾರೋ ಪುಣ್ಯಾತ್ಮರು ನೆನೆಸಿಕೊಂಡು ಬರೆದಿಟ್ಟಿದ್ದಾರೆ. ಆದರೆ ನಮ್ಮ ಪಾಲಿಸಿ ಕಾಗದದಲ್ಲಿ ಎದ್ದು ಕಾಣೋದು ತೊಂಬತ್ತು ದಿನದ ಸಾಲು ಮಾತ್ರ. ಮೂರು ವರ್ಷದ ಸಾಲು ಪುಸ್ತಕದಲ್ಲೇ ಕೂತಿದೆ. ಕಂಪನಿಗೆ ಲಾಭ ಆಗೋ ಸಾಲು ಎಲ್ಲರಿಗೂ ಗೊತ್ತು, ಗಿರಾಕಿಗೆ ಲಾಭ ಆಗೋ ಸಾಲು ಮ್ಯಾನೇಜರ್‌ಗೂ ಗೊತ್ತಿಲ್ಲ. ಇದು ಆಕಸ್ಮಿಕ ಅಂತ ನೀವು ನಂಬ್ತೀರಾ?

ಆ ಪುಟ ಪ್ರಿಂಟ್ ತೆಗೆದು, ಕಂಪನಿಯ ದೂರು ಅಧಿಕಾರಿಗೆ ಕಳಿಸಿದೆ. ಉತ್ತರ ಬಾರದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾದಲ್ಲಿ ದೂರು ಹಾಕ್ತೀನಿ, ಅಲ್ಲೂ ಆಗದಿದ್ದರೆ ಒಂಬುಡ್ಸ್‌ಮನ್ ಹತ್ತಿರ ಹೋಗ್ತೀನಿ ಅಂತ ಬರೆದೆ. ಹನ್ನೊಂದನೇ ದಿನ ಮೂರು ವರ್ಷದ ಲೆಕ್ಕಕ್ಕೆ 35% ಕೊಟ್ಟರು. ಅಟ್ಟದ ಕೆಳಗಿನ ಕಾರಿನ 45% ಮಾತ್ರ ಹೋಯ್ತು. ಕಾರು ನಿಂತೇ ಇತ್ತು ಅಂತ ಸುಳ್ಳು ಹೇಳೋ ಹಾಗಿರಲಿಲ್ಲ, ಓಡಿತ್ತಲ್ಲ.

ಕಂಪನಿಯವರ ವಾದ ಗೊತ್ತು. ಪಾಲಿಸಿ ಬಿಟ್ಟುಹೋದ ಕಾಲದಲ್ಲಿ ಕಾರಿಗೆ ಏನಾಗಿದೆಯೋ ಯಾರಿಗೆ ಗೊತ್ತು ಅಂತಾರೆ. ನ್ಯಾಯವಾದ ಮಾತೇ. ಅದಕ್ಕೆ ಕಾರನ್ನ ಇನ್‌ಸ್ಪೆಕ್ಷನ್ ಮಾಡಿ, ಈಗಾಗಲೇ ಮಾಡ್ತೀರಲ್ಲ. ಡೆಂಟ್ ಇದ್ದರೆ ಬರೆದುಕೊಳ್ಳಿ. ಕಾರಿನ ಡೆಂಟಿಗೂ ಮನುಷ್ಯನ ನಾಲ್ಕು ವರ್ಷದ ದಾಖಲೆಗೂ ಏನು ಸಂಬಂಧ? ಕಾರು ಮಾರಿದರೆ ಎನ್‌ಸಿಬಿ ಮನುಷ್ಯನದು, ಪಾಲಿಸಿ ತಪ್ಪಿದರೆ ಅದೇ ಎನ್‌ಸಿಬಿ ಕಾರಿನ ಜೊತೆ ಸಾಯುತ್ತೆ. ಎರಡರಲ್ಲಿ ಒಂದು ಹೇಳಿ ಸ್ವಾಮಿ.

"ಪೌಂಡಿನಲ್ಲಿ ದುಡಿದು ಬಂದೋನಿಗೆ ಐದು ಸಾವಿರದ ಚಿಂತೆ ಯಾಕೆ?" ಅಂತ ಸ್ನೇಹಿತರೇ ಕೇಳಿದ್ದಾರೆ. ಹೊರದೇಶಕ್ಕೆ ಹೋಗೋರೆಲ್ಲ ಲ್ಯಾಪ್‌ಟಾಪ್ ಬ್ಯಾಗಿನೋರಲ್ಲ. ಕರಾವಳಿಯಿಂದ ಗಲ್ಫಿಗೆ ಡ್ರೈವರ್ ಕೆಲಸಕ್ಕೇ ಹೋಗಿ, ಬಂದ ಮೇಲೆ ಒಂದು ಟ್ಯಾಕ್ಸಿ ಹಾಕೋರಿದ್ದಾರೆ. ಅವರಿಗೆ ಐದು ಸಾವಿರ ಅಂದರೆ ಮಗಳ ಶಾಲೆಯ ಪುಸ್ತಕ, ಯೂನಿಫಾರ್ಮು. ನನ್ನ ಹಾಗೆ ರಾತ್ರಿ ಕೂತು ಇಂಗ್ಲಿಷ್ ಟ್ಯಾರಿಫ್ ಓದಿ, ಮೇಲ್ ಬರೆದು ಜಗಳ ಆಡೋಕೆ ಅವರಿಗೆ ಪುರುಸೊತ್ತೂ ಇಲ್ಲ. ಜಗಳ ಆಡಬಲ್ಲೋನಿಗೆ ಮಾತ್ರ ಸಿಗೋದನ್ನ ಹಕ್ಕು ಅನ್ನೋಕಾಗುತ್ತಾ?

ನಮ್ಮೂರಲ್ಲಿ ತೆಂಗಿನಕಾಯಿಯನ್ನ ಅಟ್ಟದ ಮೇಲೆ ಹೆಚ್ಚುಕಮ್ಮಿ ವರ್ಷ ಬಿಡ್ತಾರೆ, ಕೊಬ್ಬರಿ ಆಗೋಕೆ. ಯಜಮಾನ ಮೂರು ತಿಂಗಳು ಊರಲ್ಲಿರಲಿಲ್ಲ ಅಂತ ಕೊಬ್ಬರಿ ತಿರುಗಿ ಎಳನೀರಾಗೋದಿಲ್ಲ. ಕೆಲಸ ಬಿಟ್ಟರೂ ನನ್ನ ಪಿಎಫ್ ನನ್ನ ಯುಎಎನ್ ನಂಬರಲ್ಲೇ ಇರುತ್ತೆ. ಒಂದು ಕಂತು ತಪ್ಪಿದ್ದನ್ನ ಸಿಬಿಲ್ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತೆ. ನಮ್ಮ ತಪ್ಪುಗಳನ್ನ ಇಷ್ಟು ಚೆನ್ನಾಗಿ ನೆನಪಿಡೋ ವ್ಯವಸ್ಥೆಗೆ, ನಮ್ಮ ಒಳ್ಳೇತನ ತೊಂಬತ್ತೇ ದಿನಕ್ಕೆ ಯಾಕೆ ಮರೆತುಹೋಗುತ್ತೆ? ಎನ್‌ಸಿಬಿಯನ್ನೂ ಮನುಷ್ಯನ ಹೆಸರಿಗೆ ಒಂದು ಖಾತೆ ಮಾಡಿ ಇಡಿ. ಪಾಲಿಸಿ ಮುಗಿಯೋ ಮುಂಚೆ ಮೂರು ವರ್ಷದ ಆ ಸಾಲನ್ನೂ ಮೆಸೇಜಿನಲ್ಲಿ ಕಳಿಸಿ, ಕನ್ನಡದಲ್ಲಿ.

ಅಲ್ಲಿಯವರೆಗೆ, ಹೊರಡೋರಿಗೆ ನನ್ನ ಮಾತು ಇಷ್ಟೇ. ಕಾರು ಮಾರೋದಾದರೆ ಮಾರಿ, ಎನ್‌ಸಿಬಿ ಉಳಿಸಿಕೊಂಡ ಪತ್ರವನ್ನ ಕಂಪನಿಯಿಂದ ಬರೆಸಿಕೊಂಡು ಈಮೇಲ್‌ನಲ್ಲಿ ಇಟ್ಟುಕೊಳ್ಳಿ. ಮಾರದಿದ್ದರೆ ಪಾಲಿಸಿ ಬಿಡಬೇಡಿ, ರಿನೀವಲ್ಲಿಗೆ ಮನೆಯವರ ನಂಬರ್ ಕೊಡಿ. ದುಡ್ಡು ಉಳಿಸಲೇಬೇಕು ಅಂದರೆ ಓನ್ ಡ್ಯಾಮೇಜ್ ಬಿಡಿ, ಥರ್ಡ್ ಪಾರ್ಟಿ ಮಾತ್ರ ಬಿಡಬೇಡಿ. ಬರೋವಾಗ ಅಲ್ಲಿನ ಕಂಪನಿಯಿಂದ ಪತ್ರ ತನ್ನಿ, ಕೌಂಟರಿನಲ್ಲಿ ನಕ್ಕರೆ 27ನೇ ನಿಯಮ ತೋರಿಸಿ. ಮತ್ತೆ, ಕಾರಿನ ಕೀಲಿ ಅಪ್ಪನ ಕೈಗೆ ಕೊಡೋವಾಗ ಪಾಲಿಸಿ ಯಾವತ್ತಿನವರೆಗೆ ಇದೆ ಅಂತಲೂ ಹೇಳಿ. ನಾನು ಹೇಳಿರಲಿಲ್ಲ.