ಅಂಗೈಯಗಲದ ಯಂತ್ರಕ್ಕೂ ದೆಹಲಿಯ ಅಪ್ಪಣೆಯೇ?

ಕಣ ವೇಗವರ್ಧಕ ಎಂದರೆ ನೂರಾರು ಕೋಟಿಯ ಬಾಬತ್ತು, ಮಲೆನಾಡಿನ ವಿಶ್ವವಿದ್ಯಾಲಯಕ್ಕೆ ಹೇಳಿಸಿದ್ದಲ್ಲ ಎಂಬ ರಾಗ ಕೇಳಿ ಕೇಳಿ ಸಾಕಾಗಿದೆ. ಉಡುತಡಿ, ಸೊರಬದ ಕಡೆಯ ಹುಡುಗರು ಶಂಕರಘಟ್ಟದ ಆ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ಸಂಶೋಧನೆಗೆ ಭಾರ ಅಯಾನುಗಳ ಕಿರಣ ಬೇಕೆಂದರೆ ದೆಹಲಿಯ ವೇಗವರ್ಧಕ ಕೇಂದ್ರಕ್ಕೆ ಅರ್ಜಿ ಗುಜರಾಯಿಸಿ ‘ಬೀಮ್ ಟೈಮ್’ಗೆ, ಅಂದರೆ ಕಿರಣ ಬಳಸುವ ಸರದಿಗೆ, ಕಾಯಬೇಕು. ಅಲ್ಲಿನ ಪೆಲೆಟ್ರಾನ್ ಎಂಬ ವೇಗವರ್ಧಕ ಅಮೆರಿಕದಿಂದ ತರಿಸಿದ್ದು, ತೊಟ್ಟಿಯೇ 26.5 ಮೀಟರ್ ಎತ್ತರ. ಅದನ್ನು ಕತ್ತೆತ್ತಿ ನೋಡಿ ಬಂದ ದೊಡ್ಡವರಿಗೆ ವಿಜ್ಞಾನವೆಂದರೆ ಎತ್ತರ ಎಂದೇ ಅನ್ನಿಸಿಬಿಟ್ಟಿದೆ.

ನಾನು ಹೇಳುವುದು ಒಂದೇ ಅಂಕಿ: 10 ಸೆಂಟಿಮೀಟರ್. ಅಮೆರಿಕದ ಬರ್ಕ್ಲಿ ಪ್ರಯೋಗಾಲಯ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದವರು ಅಷ್ಟಗಲದ ಬಿಲ್ಲೆಗಳನ್ನು ಒಂದರ ಹಿಂದೊಂದು ಪೇರಿಸಿ ಅಯಾನುಗಳನ್ನು ಓಡಿಸಿ ತೋರಿಸಿದ್ದಾರೆ. ಮೊದಲು ಬಳಸಿದ್ದು ಸರ್ಕ್ಯೂಟ್ ಬೋರ್ಡು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಜಾತಿಯದು! ಒಂದೇ ಆವೇಶದ ಅಯಾನುಗಳು ಒತ್ತೊತ್ತಾಗಿ ಸೇರಿದರೆ ಒಂದನ್ನೊಂದು ತಳ್ಳಿ ಚದುರುತ್ತವೆ, ತೀವ್ರ ಕಿರಣ ದುಬಾರಿಯಾಗುವುದು ಅಲ್ಲಿಯೇ. ಒಂದು ದಪ್ಪ ಕಿರಣದ ಬದಲು ಹತ್ತಾರು ಸಣ್ಣವನ್ನು ಮಾಡಿ, ಒಂದೊಂದನ್ನೂ ವಿದ್ಯುತ್ ಕ್ಷೇತ್ರದಲ್ಲೇ ಹಿಡಿದಿಡಿ ಎಂದು ಅಮೆರಿಕದ್ದೇ ಬ್ರೂಕ್‌ಹೇವನ್ ಪ್ರಯೋಗಾಲಯದ ಮಾಶ್ಕೆ 1970ರ ದಶಕದ ಕೊನೆಯಲ್ಲೇ ಹೇಳಿದ್ದರು. ನಿಧಾನವಾಗಿ ಚಲಿಸುವ ಅಯಾನಿನ ಮೇಲೆ ಕಾಂತಕ್ಕಿಂತ ವಿದ್ಯುತ್ ಕ್ಷೇತ್ರದ ಹಿಡಿತವೇ ಬಿಗಿ, ಟನ್ನುಗಟ್ಟಲೆ ಕಬ್ಬಿಣ ಬೇಡ. ಬಿಲ್ಲೆಗಳ ನಡುವಣ ಸಂದಿನಲ್ಲಿ ರೇಡಿಯೋ ಆವರ್ತನದ ವೋಲ್ಟೇಜು ಅಷ್ಟಷ್ಟೇ ನೂಕುತ್ತದೆ. ಇನ್ನೂ ವೇಗ ಬೇಕೇ, ಇನ್ನಷ್ಟು ಬಿಲ್ಲೆ ಪೇರಿಸಿ.

ಪೆಲೆಟ್ರಾನಿನ ಶಕ್ತಿ ಇದಕ್ಕೆಲ್ಲಿ ಎನ್ನುತ್ತಾರೆ. ಇಲ್ಲ, ಸರಿ. ಚಿಪ್ ಮಾಡುವಾಗ ಸಿಲಿಕಾನಿನೊಳಗೆ ಅಯಾನು ನೆಡಲು ಪೆಲೆಟ್ರಾನ್ ಯಾರಿಗೆ ಬೇಕಾಗಿದೆ? ನಮ್ಮ ವಿಶ್ವವಿದ್ಯಾಲಯಗಳಿಗೆ ಯಂತ್ರ ಸಾಕಲು ಬರದು ಎನ್ನುವವರು ಮಂಗಳಗಂಗೋತ್ರಿಯ ವಿಶ್ವವಿದ್ಯಾಲಯಕ್ಕೆ ಹೋಗಿ, ಇಂದೋರಿನ ವೇಗವರ್ಧಕ ಕೇಂದ್ರ ಕಟ್ಟಿಕೊಟ್ಟ ಮೈಕ್ರೋಟ್ರಾನ್ ಎಂಬ ವೇಗವರ್ಧಕದ ಕಥೆ ಕೇಳಲಿ. ಅದು ಎಲೆಕ್ಟ್ರಾನಿನದು, ಇರಲಿ. ನಡೆಸಿದವರು ಕನ್ನಡ ನಾಡಿನ ಮೇಷ್ಟ್ರುಗಳೇ ತಾನೇ?

ದುಡ್ಡಿಲ್ಲ ಎಂದು ಮಾತ್ರ ಹೇಳಬೇಡಿ. ಜರ್ಮನಿಯ ಡಾರ್ಮ್‌ಸ್ಟಾಟ್‌ನ ‘ಫೇರ್’ ವೇಗವರ್ಧಕಕ್ಕೆ 2010ರಲ್ಲೇ ಪಾಲುದಾರನಾಗಿ ಸಹಿ ಹಾಕಿದ ದೇಶ ಇದು. ಲಿಂಗನಮಕ್ಕಿ ಅಣೆಕಟ್ಟಿಗೆ ಮುಳುಗಿದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಊರುಗಳು, ದೀಪ ಉರಿದದ್ದು ಬೆಂಗಳೂರಿನಲ್ಲಿ. 2023ರಲ್ಲಿ ಸೋಗಾನೆಗೆ ವಿಮಾನ ನಿಲ್ದಾಣ ಬಂತು, ಉಡುತಡಿಯಲ್ಲಿ ಅಕ್ಕಮಹಾದೇವಿಯ ಪ್ರತಿಮೆ ಎದ್ದಿದೆ. ಕೈ ಮುಗಿಯೋಣ. ಪ್ರಯೋಗಾಲಯ ಕೇಳಿದಾಗಲೇ ಯಾಕೆ ಖಜಾನೆಗೆ ಜ್ವರ ಬರುತ್ತದೆ?

ಒಂದು ನಿರ್ವಾತ ಕೊಳವೆ, ಒಂದು ಆರ್ಗಾನ್ ಅಯಾನು ಮೂಲ, ಬಿಲ್ಲೆ ಮಾಡಿಸಲು ಹಣ. ಮುಂದಿನ ಬಜೆಟ್ಟಿನಲ್ಲಿ ಇಷ್ಟನ್ನು ಶಂಕರಘಟ್ಟಕ್ಕೆ ಕೊಡಿ.