ಮನೆಬಾಗಿಲಿಗೆ ಬಂದ ಆಸ್ಪತ್ರೆಯನ್ನು ಬರಿಗೈಯಲ್ಲಿ ನಿಲ್ಲಿಸಬೇಡಿ



ಬೆಳಿಗ್ಗೆ ಹೊತ್ತು ಶಿವಮೊಗ್ಗದ ಸಾಗರ ರಸ್ತೆಯ ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ಚೀಟಿ ಮಾಡಿಸಲು ನಿಂತವರನ್ನು ಮಾತಾಡಿಸಿ ನೋಡಿ. ಹೊನ್ನಾಳಿಯವರಿರುತ್ತಾರೆ, ತರೀಕೆರೆಯವರಿರುತ್ತಾರೆ, ಹೊಸನಗರದ ಕಡೆಯಿಂದ ನಸುಕಿನಲ್ಲೇ ಬಸ್ಸು ಹತ್ತಿದವರಿರುತ್ತಾರೆ. ಅವರಿಗೆ ಇಲ್ಲಿಗೆ ಬರದೆ ಬೇರೆ ದಾರಿಯಿಲ್ಲ. ಆದರೆ ಅದೇ ಸಾಲಿನಲ್ಲಿ ಗೋಪಾಳದವರೂ ಇದ್ದಾರೆ, ಟಿಪ್ಪುನಗರದವರೂ ಇದ್ದಾರೆ, ಭದ್ರಾವತಿಯ ಜನ್ನಾಪುರದವರೂ ಇದ್ದಾರೆ. ಬಿಪಿ ನೋಡಿಸಿ ಮಾತ್ರೆ ಇಸಿದುಕೊಳ್ಳುವುದಷ್ಟೇ ಅವರ ಕೆಲಸ. ಅದಕ್ಕೆ ಒಂದು ದಿನದ ಕೂಲಿ ಬಿಟ್ಟು ಬಂದಿದ್ದಾರೆ. ಆ ಕೆಲಸ ಅವರ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಆಗಬೇಕು. ಆಗಲೆಂದೇ ಸರ್ಕಾರ ಒಂದು ಏರ್ಪಾಟು ಶುರುಮಾಡಿದೆ, ಅರ್ಧಕ್ಕೆ ನಿಲ್ಲಿಸಿದೆ. ಅದನ್ನು ಪೂರ್ತಿ ಮಾಡಿಸಿಕೊಳ್ಳಲು ನಿಮ್ಮ ಜೊತೆ ಬೇಕು ಎಂದು ಕೇಳಲು ಈ ಕರಪತ್ರ.

ಕೆಲವೇ ವರ್ಷಗಳಲ್ಲಿ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದೇ ಬದಲಾಗಿದೆ. 2018ರಲ್ಲಿ ಆಯುಷ್ಮಾನ್ ಭಾರತ್ ಬಂದ ಮೇಲೆ ಹಳ್ಳಿಯ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರು. ನಾವು ಸಿಎಚ್‌ಒ ಅನ್ನುತ್ತೇವಲ್ಲ, ಅವರೇ. ನರ್ಸಿಂಗ್ ಓದಿ, ಅದರ ಮೇಲೆ ಆರು ತಿಂಗಳ ತರಬೇತಿ ಪಡೆದವರು. ಬಿಪಿ, ಸಕ್ಕರೆ ಪರೀಕ್ಷಿಸುತ್ತಾರೆ, ವೈದ್ಯರು ಒಮ್ಮೆ ಗೊತ್ತುಮಾಡಿದ ಮಾತ್ರೆಯನ್ನು ತಿಂಗಳು ತಿಂಗಳು ಕೊಡುತ್ತಾರೆ, ಕೈಮೀರುವ ಮೊದಲೇ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಬಾಣಂತಿ ಮತ್ತು ಚುಚ್ಚುಮದ್ದಿನ ಸಿಸ್ಟರ್ ಎಂದೇ ನಮಗೆ ಗೊತ್ತಿದ್ದ ಎಎನ್‌ಎಂ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ನಗರಗಳಿಗೆ 2022ರ ಡಿಸೆಂಬರ್‌ನಿಂದ ‘ನಮ್ಮ ಕ್ಲಿನಿಕ್’ ಬರತೊಡಗಿತು. ಅಲ್ಲಿ ವೈದ್ಯರು, ನರ್ಸ್, ಲ್ಯಾಬ್ ಟೆಕ್ನಿಷಿಯನ್ ಇರಬೇಕು. 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಎಚ್‌ಒ, ಎಎನ್‌ಎಂಗಳೇ ಮನೆ ಮನೆಗೆ ಬಂದು, 30 ವರ್ಷ ದಾಟಿದವರ ಬಿಪಿ, ಸಕ್ಕರೆ ನೋಡಬೇಕು, ಬಾಯಿಯ, ಸ್ತನದ, ಗರ್ಭಕಂಠದ ಕ್ಯಾನ್ಸರ್‌ನ ಸುಳಿವು ಹುಡುಕಬೇಕು.

ಈ ಬದಲಾವಣೆ ಸರಿಯಾದದ್ದು. ಇದನ್ನು ಅನುಮಾನದಿಂದ ನೋಡುವವರು ನಮ್ಮಲ್ಲಿದ್ದಾರೆ. ‘ಡಾಕ್ಟ್ರು ಮುಟ್ಟಿ ನೋಡದಿದ್ದರೆ ಅದೆಂಥ ಔಷಧಿ’ ಎಂದು ಭದ್ರಾವತಿ ನ್ಯೂಟೌನ್‌ನ ಹಿರಿಯರು ಕೇಳುವುದುಂಟು. ಯಜಮಾನರೇ, ಬಿಪಿ ನೋಡಲು ಎಂಬಿಬಿಎಸ್ ಬೇಡ. ಪ್ರತಿ ತಿಂಗಳೂ ತಪ್ಪದೆ ನೋಡುವವರು ಬೇಕು, ನೀವು ಮಾತ್ರೆ ಬಿಟ್ಟರೆ ‘ಯಾಕೆ ಬಿಟ್ಟಿರಿ’ ಎಂದು ಮನೆಗೆ ಬಂದು ಕೇಳುವವರು ಬೇಕು. ಲಕ್ವ ಹೊಡೆದು ಬಂದವರನ್ನು, ಕಿಡ್ನಿ ಕೈಕೊಟ್ಟು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಬರುವವರನ್ನು ಕೇಳಿ. ಬಿಪಿ ಇದೆಯೆಂದು ಎಷ್ಟೋ ಮಂದಿಗೆ ಮೊದಲೇ ಗೊತ್ತಿತ್ತು. ಮಾತ್ರೆ ತಪ್ಪಿದ್ದು ಮಧ್ಯದಲ್ಲಿ.

ನಮ್ಮ ಜಿಲ್ಲೆಗಂತೂ ಮನೆಗೆ ಬಂದು ನೋಡುವವರ ಬೆಲೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾಯಿತು. ಅಲ್ಲಿಂದ ಇಲ್ಲಿಯವರೆಗೆ ಅದಕ್ಕೆ ನೇರವಾದ ಔಷಧಿಯಿಲ್ಲ. ಕಾಡಿನಂಚಿನಲ್ಲಿ ಮಂಗ ಸತ್ತಿದೆ ಎಂಬ ಸುದ್ದಿ ಎಷ್ಟು ಬೇಗ ಬಂತು, ಜ್ವರ ಬಂದವರ ರಕ್ತ ಎಷ್ಟು ಬೇಗ ಶಿವಮೊಗ್ಗದ ಲ್ಯಾಬಿಗೆ ತಲುಪಿತು, ಉಣುಗು ಕಚ್ಚದಂತೆ ಹಚ್ಚುವ ಎಣ್ಣೆ ಕೂಲಿಯವರ ಕೈಗೆ ಸಿಕ್ಕಿತೇ ಇಲ್ಲವೇ, ಜೀವ ಉಳಿಯುವುದು ಇವುಗಳ ಮೇಲೆ. ಸಾಗರ ತಾಲೂಕಿನ ಅರಳಗೋಡಿನಲ್ಲಿ 2018ರ ಕೊನೆಗೆ ಕಾಯಿಲೆ ಎದ್ದು, ಮರುವರ್ಷ ಹಲವರು ತೀರಿಕೊಂಡದ್ದು ನಮಗೆ ನೆನಪಿದೆ. ಸುದ್ದಿ ತರುವುದು, ಎಣ್ಣೆ ಹಂಚುವುದು, ಜ್ವರದ ಮನೆ ಹುಡುಕುವುದು ಇವತ್ತಿಗೂ ಕಾಲ್ನಡಿಗೆಯ ಕೆಲಸ. ಮಾಡುವವರು ಆಶಾ ಕಾರ್ಯಕರ್ತೆಯರು, ಸಿಸ್ಟರ್, ಆರೋಗ್ಯ ನಿರೀಕ್ಷಕರು. ನಗರದಲ್ಲಿ ಡೆಂಗಿ ಬಂದಾಗ ನಮ್ಮ ಮನೆಯ ಡ್ರಮ್ಮು, ತೊಟ್ಟಿಗಳಿಗೆ ಬ್ಯಾಟರಿ ಬಿಟ್ಟು ಸೊಳ್ಳೆಮರಿ ಹುಡುಕುವವರೂ ಅವರೇ.

ಅಂಥವರಿಗೆ ನಾವು ಕೊಡುತ್ತಿರುವುದೇನು?

ಆಶಾ ಕಾರ್ಯಕರ್ತೆಯರನ್ನು ಇವತ್ತಿಗೂ ನೌಕರರೆಂದು ಒಪ್ಪಿಲ್ಲ. ಅವರಿಗೆ ಸಿಗುವುದು ಗೌರವಧನ, ಅದರ ಮೇಲೆ ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ. ಪ್ರೋತ್ಸಾಹಧನ ಬರಬೇಕಾದರೆ ಮಾಡಿದ ಕೆಲಸ ಆನ್‌ಲೈನ್‌ನಲ್ಲಿ ದಾಖಲಾಗಬೇಕು, ದಾಖಲಾಗದಿದ್ದರೆ ನಡೆದ ದಾರಿಗೆ ಬೆಲೆಯಿಲ್ಲ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುತ್ತೇವೆಂದು ಮುಖ್ಯಮಂತ್ರಿಗಳು ಮಾತು ಕೊಟ್ಟರು. ಕೊಟ್ಟ ಮಾತು ಜಾರಿಗೆ ತನ್ನಿ ಎಂದು ಕೇಳಲು ಅದೇ ವರ್ಷದ ಆಗಸ್ಟಿನಲ್ಲಿ ಅವರು ಮತ್ತೆ ಧರಣಿ ಕೂರಬೇಕಾಯಿತು. ಸಿಎಚ್‌ಒಗಳ ಕೆಲಸ ಗುತ್ತಿಗೆಯದು. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ದುಡಿಯುವ ಎಷ್ಟೋ ನರ್ಸ್, ಲ್ಯಾಬ್ ಸಿಬ್ಬಂದಿಯದೂ ಗುತ್ತಿಗೆಯೇ. ವರ್ಷ ವರ್ಷ ಕರಾರು ಮುಂದುವರಿಯುತ್ತದೋ ಇಲ್ಲವೋ ಎಂದು ಕಾಯುವ ನರ್ಸ್ ಒಂದೇ ಕ್ಲಿನಿಕ್ಕಿನಲ್ಲಿ ಹತ್ತು ವರ್ಷ ನಿಂತು ನಮ್ಮ ಮನೆಗಳನ್ನು ಹೆಸರು ಹಿಡಿದು ಗುರುತಿಸುವುದು ಹೇಗೆ? ಕೆಲಸ ಹೊಸದು ಕೊಟ್ಟರು, ಹೊಣೆ ದೊಡ್ಡದು ಹೊರಿಸಿದರು, ಸಂಬಳ ಮತ್ತು ಭದ್ರತೆ ಮಾತ್ರ ಹಳೆಯದೇ ಉಳಿಯಿತು. ಇದು ಅನ್ಯಾಯ. ಇದರ ಪೆಟ್ಟು ಬೀಳುವುದು ರೋಗಿಯ ಮೇಲೆ.

ಭದ್ರಾವತಿಯವರಿಗೆ ಇನ್ನೊಂದು ಮಾತು. ಒಂದು ಕಾಲಕ್ಕೆ ನಿಮ್ಮ ಊರಿನಲ್ಲಿ ಕಾರ್ಖಾನೆ ಎಂದರೆ ಆಸ್ಪತ್ರೆಯೂ ಹೌದು. 1918ರಲ್ಲಿ ಕಟ್ಟಲು ಹಿಡಿದ ಕಬ್ಬಿಣದ ಕಾರ್ಖಾನೆ, ಆಮೇಲಿನ ಕಾಗದ ಕಾರ್ಖಾನೆ, ಎರಡೂ ಕಾರ್ಮಿಕರ ಕುಟುಂಬಗಳಿಗೆ ಔಷಧಿ, ಹೆರಿಗೆ, ಆಪರೇಷನ್ ನೋಡಿಕೊಂಡವು. ಕೆಲಸಗಾರನಿಗೆ ಆರೋಗ್ಯ ಹಕ್ಕಿನದು ಎಂಬ ಭಾವನೆ ಈ ಊರಿಗೆ ಅಲ್ಲಿಂದ ಬಂತು. ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. ಕಬ್ಬಿಣದ ಕಾರ್ಖಾನೆಯಾದ ವಿಐಎಸ್‌ಎಲ್ ಮುಚ್ಚುವ ತೀರ್ಮಾನವನ್ನು 2023ರ ಜನವರಿಯಲ್ಲಿ ಅದರ ಒಡೆಯ ಸೇಲ್ ಸಂಸ್ಥೆ ಮಾಡಿದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಊರು ಅವರ ಜೊತೆ ನಿಂತಿತು. ಆಗ ಕೆಲಸದ ಮಾತು ಬಂತು, ಆಸ್ಪತ್ರೆಯ ಮಾತು ಅಷ್ಟಾಗಿ ಬರಲಿಲ್ಲ. ಕಾರ್ಖಾನೆಯ ಕೆಲಸ ಹೋದ ಮನೆಗೆ ಈಗ ಆಸರೆ ತಾಲೂಕು ಆಸ್ಪತ್ರೆ. ಅಲ್ಲಿ ರಾತ್ರಿ ಹೊತ್ತು ತುರ್ತು ಸಿಸೇರಿಯನ್ ಆಗಬೇಕಾದರೆ ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮೂವರೂ ಸಿಗಬೇಕು. ಮೂವರಲ್ಲಿ ಒಬ್ಬರಿಲ್ಲದಿದ್ದರೂ 108 ಆಂಬುಲೆನ್ಸ್ ಹತ್ತಿ ಸುಮಾರು 20 ಕಿಲೋಮೀಟರ್ ಶಿವಮೊಗ್ಗಕ್ಕೆ ಓಡಬೇಕು. ಹೆರಿಗೆನೋವು ತಿಂದ ತಾಯಂದಿರಿಗೆ ಆ 20 ಕಿಲೋಮೀಟರ್ ಎಷ್ಟು ಉದ್ದ ಎಂದು ಗೊತ್ತು. ತಜ್ಞರಿದ್ದರಷ್ಟೇ ಸಾಲದು. 2024ರ ನವೆಂಬರಿನಲ್ಲಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ, ಕೊಟ್ಟ ಗ್ಲೂಕೋಸಿನಂಥ ದ್ರಾವಣದ ಗುಣಮಟ್ಟದ ಪ್ರಶ್ನೆ ಎದ್ದಿತು. ಸಿಬ್ಬಂದಿ, ಔಷಧಿ, ತಪಾಸಣೆ, ಈ ಮೂರರಲ್ಲಿ ಯಾವುದನ್ನೂ ಸಡಿಲ ಬಿಡುವಂತಿಲ್ಲ.

ಇನ್ನೊಂದನ್ನು ಕೈಮುಗಿದು ಕೇಳಿಕೊಳ್ಳುತ್ತೇವೆ. ಸಿಟ್ಟನ್ನು ಎದುರಿಗೆ ಸಿಕ್ಕ ನರ್ಸಿನ ಮೇಲೆ, ಮೆಗ್ಗಾನ್‌ನಲ್ಲಿ ನಿದ್ದೆಗೆಟ್ಟು ನಿಂತ ಹೌಸ್‌ಸರ್ಜನ್ ಹುಡುಗಿಯ ಮೇಲೆ ತೀರಿಸಬೇಡಿ. ವೈದ್ಯಕೀಯ ಸಿಬ್ಬಂದಿಯ ಮೇಲೆ ಕೈಮಾಡಿದರೆ 2009ರ ಕರ್ನಾಟಕದ ಕಾಯ್ದೆಯಲ್ಲಿ ಜೈಲು ಶಿಕ್ಷೆಯಿದೆ. ಕಾಯ್ದೆಯ ಮಾತು ಆಮೇಲಿರಲಿ, ಹಾಸಿಗೆ ಇಲ್ಲ, ಔಷಧಿ ಇಲ್ಲ ಎಂದು ಹೇಳಬೇಕಾದ ಆ ಹುಡುಗಿ ಅದನ್ನು ತಾನೇ ಇಲ್ಲವಾಗಿಸಿದವಳಲ್ಲ. ಕೇಳಬೇಕಾದವರು ಮೇಲಿದ್ದಾರೆ. ಅವರನ್ನು ಒಟ್ಟಾಗಿ ಕೇಳೋಣ.

ಏನು ಕೇಳುವುದು? ನಮ್ಮ ಕ್ಲಿನಿಕ್, ನಗರ ಆರೋಗ್ಯ ಕೇಂದ್ರಗಳು ವಾರದಲ್ಲಿ ಎರಡು ದಿನವಾದರೂ ರಾತ್ರಿ ಎಂಟರವರೆಗೆ ತೆರೆದಿರಲಿ, ಬೀಡಿ ಕಟ್ಟುವವರು, ಗಾರೆ ಕೆಲಸದವರು, ಅಂಗಡಿ ಹುಡುಗರು ಸಂಜೆ ಹೋಗುವಂತಾಗಲಿ. ಬಿಪಿ, ಸಕ್ಕರೆ ಮಾತ್ರೆಯನ್ನು ಒಂದೇ ಸಲಕ್ಕೆ ತಿಂಗಳಿಗಾಗುವಷ್ಟು ಕೊಡಲಿ. ಖಾಲಿ ಹುದ್ದೆಗಳನ್ನು ತುಂಬಲಿ, ಗುತ್ತಿಗೆಯವರನ್ನು ಕಾಯಂ ಮಾಡಲಿ, ಆಶಾಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಿ. ನಮ್ಮ ಮಟ್ಟಿಗೆ ಬಹಳ ಮುಖ್ಯವಾದ ಇನ್ನೊಂದಿದೆ. ಮೆಗ್ಗಾನ್ ಆಸ್ಪತ್ರೆ ಸಿಮ್ಸ್ ವೈದ್ಯಕೀಯ ಕಾಲೇಜಿನ ಜೊತೆಗೆ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದ್ದು, ಬಡಾವಣೆಯ ಕೇಂದ್ರ ಮತ್ತು ತಾಲೂಕು ಆಸ್ಪತ್ರೆ ಆರೋಗ್ಯ ಇಲಾಖೆಯವು. ಎರಡು ಇಲಾಖೆಯ ನಡುವಿನ ಗೋಡೆಗೆ ರೋಗಿ ತಲೆ ಚಚ್ಚಿಕೊಳ್ಳಬಾರದು. ಮೆಗ್ಗಾನ್‌ನಿಂದ ಬಿಡುಗಡೆಯಾದವರ ಚೀಟಿಯ ಪ್ರತಿ ಅವರ ಬಡಾವಣೆಯ ಸಿಸ್ಟರ್ ಕೈಗೆ ಅದೇ ವಾರ ತಲುಪಬೇಕು. ಅಲ್ಲಿ ಬರೆದ ಮಾತ್ರೆ ಇಲ್ಲಿ ಸಿಗಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಎರಡು ಇಲಾಖೆಯ ಅಧಿಕಾರಿಗಳು ಒಂದು ಮೇಜಿನ ಸುತ್ತ ಕೂತರೆ ಸಾಕು.

ಖಾಸಗಿ ಆಸ್ಪತ್ರೆಗೆ ಹೋಗುವವರಿಗೂ ಹಕ್ಕುಗಳಿವೆ. 2017ರಲ್ಲಿ ತಿದ್ದುಪಡಿಯಾದ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕೆಪಿಎಂಇ ಕಾಯ್ದೆಯ ಪ್ರಕಾರ ದರಪಟ್ಟಿ ಕಣ್ಣಿಗೆ ಕಾಣುವಂತಿರಬೇಕು, ಬಿಲ್ ಬಾಕಿ ಎಂದು ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ. ದೂರು ಕೇಳಲು ಜಿಲ್ಲಾಧಿಕಾರಿಗಳ ನೇತೃತ್ವದ ಪ್ರಾಧಿಕಾರವಿದೆ.

ಈಗ ನಿಮ್ಮ ಪಾಲಿನ ಕೆಲಸ. ಸಣ್ಣ ಕಾಯಿಲೆಗೆ ಮೊದಲು ನಿಮ್ಮ ಬಡಾವಣೆಯ ಕೇಂದ್ರಕ್ಕೆ ಹೋಗಿ. ಅಲ್ಲಿ ಔಷಧಿ ಇಲ್ಲ ಎಂದರೆ ಯಾವ ಔಷಧಿ, ಯಾವ ತಾರೀಕು ಎಂದು ಚೀಟಿಯ ಹಿಂದೆ ಬರೆದಿಟ್ಟುಕೊಳ್ಳಿ. ಅದೇ ನಮ್ಮ ಸಾಕ್ಷಿ. ಬಡ ಬಡಾವಣೆಗಳಲ್ಲಿ 50ರಿಂದ 100 ಮನೆಗೊಂದು ಮಹಿಳಾ ಆರೋಗ್ಯ ಸಮಿತಿ ಇರಬೇಕೆಂಬ ನಿಯಮವಿದೆ, ಅದರ ಖರ್ಚಿಗೆ ವರ್ಷಕ್ಕೆ 5,000 ರೂಪಾಯಿಯೂ ಇದೆ. ಅಕ್ಕತಂಗಿಯರೇ, ನಿಮ್ಮ ಬೀದಿಯಲ್ಲಿ ಅದು ಇದೆಯೇ, ಯಾರು ಸದಸ್ಯರು, ಕೊನೆಯ ಸಭೆ ಯಾವಾಗ ಆಯಿತು ಎಂದು ನಿಮ್ಮ ಆಶಾ ಅವರನ್ನು ಕೇಳಿ, ಇಲ್ಲದಿದ್ದರೆ ನೀವೇ ಹತ್ತು ಮಂದಿ ಸೇರಿ ಹೆಸರು ಕೊಡಿ. ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಇದೆ, ಅದರಲ್ಲಿ ಸಾರ್ವಜನಿಕರಿಗೂ ಜಾಗವಿದೆ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದೆಷ್ಟು, ರಕ್ಷಾ ಸಮಿತಿಯ ಹಣ ಯಾವುದಕ್ಕೆ ಖರ್ಚಾಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ, 30 ದಿನದೊಳಗೆ ಉತ್ತರ ಕೊಡಬೇಕು. ಕಾಲೇಜು ಓದುವ ಮಕ್ಕಳು ಮನೆಯಲ್ಲಿದ್ದರೆ ಅರ್ಜಿ ಬರೆಯುವ ಕೆಲಸ ಅವರಿಗೆ ವಹಿಸಿ.

ಈ ಹಾಳೆಯ ಹಿಂಬದಿಯಲ್ಲಿ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಸಿಮ್ಸ್ ನಿರ್ದೇಶಕರಿಗೆ ಬರೆದ ಮನವಿಯಿದೆ. ಓದಿ. ಒಪ್ಪಿಗೆಯಾದರೆ ಮನೆಯವರೆಲ್ಲ ಸಹಿ ಹಾಕಿ. ಸಹಿ ಬಾರದವರ ಹೆಬ್ಬೆಟ್ಟಿಗೂ ಅಷ್ಟೇ ಬೆಲೆ. ನಿಮ್ಮ ಬಡಾವಣೆಯ ಹೆಸರು ಮತ್ತು ಅಲ್ಲಿ ಸಿಗದ ಔಷಧಿಗಳ ಹೆಸರು ಬರೆಯಲು ಜಾಗ ಬಿಟ್ಟಿದ್ದೇವೆ, ತಪ್ಪದೆ ತುಂಬಿ. ಹಾಳೆಯನ್ನು ಪಕ್ಕದ ಮನೆಗೆ ಕೊಡಿ, ಅವರೂ ಬರೆದ ಮೇಲೆ ಇದನ್ನು ಹಂಚಿದವರ ಕೈಗೇ ಮರಳಿಸಿ. ಶಿವಮೊಗ್ಗದ ಹಾಳೆಗಳನ್ನೂ ಭದ್ರಾವತಿಯ ಹಾಳೆಗಳನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ, ಒಂದೇ ದಿನ ಜಿಲ್ಲಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯುತ್ತೇವೆ. ಆ ದಿನ ಜೊತೆಗೆ ಬರುವವರು ಹೆಸರಿನ ಮುಂದೆ ಒಂದು ಗುರುತು ಹಾಕಿ.