ಹಳೆಯ ಇಗರ್ಜಿಯನ್ನು ಕೆಡಹುವ ಮುನ್ನ

ಹಳೆಯ ಇಗರ್ಜಿಯನ್ನು ಕೆಡವಿ ಹೊಸದನ್ನು ಕಟ್ಟಬೇಕೆಂಬ ಪ್ರಸ್ತಾಪ ಬಂದಾಗಲೆಲ್ಲ ಧರ್ಮಕೇಂದ್ರದಲ್ಲಿ ಎರಡು ಪಕ್ಷಗಳಾಗುವುದು ಸಾಮಾನ್ಯ. ಹಿರಿಯರು ಕೊರಗುತ್ತಾರೆ, ಕಿರಿಯರು ಅವಸರಪಡುತ್ತಾರೆ. ಇಬ್ಬರೂ ಒಮ್ಮೆ ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯ ಚರಿತ್ರೆಯತ್ತ ಕಣ್ಣು ಹಾಯಿಸುವುದು ಒಳಿತು.

ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯ ಕಾಲದಲ್ಲಿ, 1680ರಲ್ಲಿ, ಗೋವಾ ಮೂಲದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರು ಈ ಇಗರ್ಜಿಯನ್ನು ಸ್ಥಾಪಿಸಿದರು. 1684ರಲ್ಲಿ ದೈವಾಧೀನರಾದ ಅವರನ್ನು ಇಲ್ಲಿಯ ಮಣ್ಣಿನಲ್ಲಿಯೇ ಸಮಾಧಿ ಮಾಡಲಾಯಿತು. ಶತಮಾನವೊಂದು ಕಳೆದು 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಇಗರ್ಜಿ ನೆಲಸಮವಾಯಿತು. ಕೆನರಾದ ಕ್ರೈಸ್ತರು ಬಂದಿಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. 1799ರಲ್ಲಿ ಆ ಕೋಟೆ ಬಿದ್ದ ಮೇಲೆ, ಬದುಕುಳಿದವರು ತವರಿಗೆ ಮರಳಿದರು. ಹೊಲ, ಮನೆ, ಬಂಧುಗಳನ್ನು ಕಳೆದುಕೊಂಡಿದ್ದ ಆ ಜನರೇ 1811ರಲ್ಲಿ ಮತ್ತೆ ಇಗರ್ಜಿಯನ್ನು ಕಟ್ಟಿದರು. 1911ರಲ್ಲಿ ಅದರ ಮುಂಭಾಗ ಕುಸಿಯಿತು. ಬಳಿಕ ವಂದನೀಯ ಫ್ರ್ಯಾಂಕ್ ಪಿರೇರಾ ಅವರ ನೇತೃತ್ವದಲ್ಲಿ ಇಂದಿನ ಇಗರ್ಜಿ ಮೇಲೆದ್ದಿತು.

ಈ ಚರಿತ್ರೆ ಎರಡೂ ಪಕ್ಷಗಳಿಗೆ ಪಾಠ ಹೇಳುತ್ತದೆ. ಇಗರ್ಜಿಯ ಗೋಡೆಗಳು ಶಾಶ್ವತವಲ್ಲ. ಹದಿನೈದು ವರ್ಷಗಳ ಸೆರೆವಾಸದಲ್ಲಿ ಗೋಡೆಗಳಿಲ್ಲದೆಯೂ ನಮ್ಮ ಪೂರ್ವಜರ ವಿಶ್ವಾಸ ಬಾಳಿತು. ಆದುದರಿಂದ ಹೊಸದನ್ನು ಕಟ್ಟುವುದೇ ತಪ್ಪೆನ್ನಲಾಗದು. ಆದರೆ ಮಿಲಾಗ್ರಿಸ್‌ನ ಜನರು ಮತ್ತೆ ಮತ್ತೆ ಕಟ್ಟಿದ್ದು ಹಿಂದಿನದು ನಾಶವಾದುದರಿಂದ ಅಥವಾ ಕುಸಿದುದರಿಂದ. ನೆರೆಯ ಊರಿನ ಇಗರ್ಜಿಗಿಂತ ನಮ್ಮದು ಎತ್ತರವಾಗಬೇಕೆಂಬ ಹಂಬಲಕ್ಕೆ ಗಟ್ಟಿಮುಟ್ಟಾದ ಮುರಕಲ್ಲಿನ ಗೋಡೆಗಳನ್ನು ಬಲಿಕೊಡುವುದು ಬೇರೆಯೇ ಮಾತು.

ಪಾಲನಾ ಮಂಡಳಿಗಳು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ದುರಸ್ತಿಯಿಂದ, ವಿಸ್ತರಣೆಯಿಂದ ಕಾರ್ಯ ಸಾಧ್ಯವಿಲ್ಲವೇ? ಕೆಡಹುವುದು ಅನಿವಾರ್ಯವೆಂದಾದಲ್ಲಿ, ಮೊದಲು ಕಟ್ಟಡದ ಅಳತೆ ತೆಗೆದು, ಛಾಯಾಚಿತ್ರಗಳನ್ನು ಸಂಗ್ರಹಿಸಿ, ಸಮಾಧಿಯ ಕಲ್ಲುಗಳನ್ನೂ ಹಳೆಯ ಪೀಠವನ್ನೂ ಜೋಪಾನ ಮಾಡಬೇಕು. ಸ್ನಾನದೀಕ್ಷೆ, ವಿವಾಹ, ಮರಣದ ದಾಖಲೆ ಪುಸ್ತಕಗಳು ಗೆದ್ದಲಿನ ಪಾಲಾಗದಂತೆ ಕಾಯಬೇಕು. ಎಷ್ಟೋ ಕುಟುಂಬಗಳಿಗೆ ತಮ್ಮ ಮುತ್ತಜ್ಜನ ಹೆಸರು ಸಿಗುವುದು ಆ ಪುಟಗಳಲ್ಲಿ ಮಾತ್ರ.

ಸೆರೆಯಿಂದ ಮರಳಿದವರಿಗೆ ಕಟ್ಟುವ ಅನಿವಾರ್ಯವಿತ್ತು. ನಮಗೆ ಉಳಿಸಿಕೊಳ್ಳುವ ಅವಕಾಶವಿದೆ. ಅದನ್ನು ನಾವಾಗಿಯೇ ಕೈಚೆಲ್ಲಿದರೆ ನಮ್ಮ ಮಕ್ಕಳಿಗೆ ಏನೆಂದು ಉತ್ತರಿಸೋಣ?